ಅಕ್ಕೋರ ಚುಕ್ಕಿ ಅಕ್ಷರ

ಅಲ್ರೀ ಅಕ್ಕೋರ, ಕ್ಯಾಸೆಟ್ಟಽ ಸತ್ತೈತಿ ಅಂದ್ರ ನಾ ಏನ್ ಮಾಡ್ಲಿ? ಹಂಗ ನೋಡಬ್ಯಾಡ್ರಿ ನನ್ನ... ಕುಂಡ್ರ್ರಿ ಮೊದಲ. ಆ ಸ್ಟೂಲ್ ಬ್ಯಾಡ, ಅದರ ಕಾಲು ಅಳ್ಳಾಡತೈತಿ. ಈ ಕುರ್ಚಿ ಮ್ಯಾಗ ಕುಂಡ್ರ್ರಿ. ಇದು ಗಿರಾಕಿ ಕುರ್ಚಿ ಅಲ್ಲ, ನನ್ನ ಕುರ್ಚಿ. ಅಮೋಘಿ ತನ್ನ ಕುರ್ಚಿ ಯಾರಿಗೂ ಬಿಡೂದಿಲ್ಲ, ನಿಮಗ ಅಂತ ಬಿಡಾಕತ್ತೇನಿ. ಹ್ಞಾಂ, ಹಂಗ. ಚಾ ಹೇಳ್ಲಿ?... ಬ್ಯಾಡಾ? ನೀರು?... ನೀರೂ ಬ್ಯಾಡ.

ಆತು, ನೀವು ಹೇಳೂದು ಖರೆ ಐತಿ. ಸೋಮವಾರ ಟಿಕೋಟಾದಿಂದ ಬಸ್ಸಿಗೆ ಬಂದ್ರಿ. ಈ ಕಂಪ್ಯೂಟರು, ಈ ಟೇಪ್ ರೆಕಾರ್ಡರು, ಈ ಕ್ಯಾಸೆಟ್ಟು, ಮೂರೂ ನನ್ನ ಕೈಯಾಗ ಕೊಟ್ರಿ. ಅವತ್ತ ಇಲ್ಲೇ, ಈ ಹಳೇ ಟಿವಿ ಮ್ಯಾಗಽ ಕ್ಯಾಸೆಟ್ಟಿನ್ಯಾಗಿನ ಅಕ್ಷರ ಓಡಿದ್ವು. ನೀವೂ ನೋಡೀರಿ, ನಾನೂ ನೋಡೀನಿ. ಇಲ್ಲ ಅಂದೇನೇನು ನಾ? "ಇದನ್ನ ನನ್ನ ಮಗಳು ನಾಜಿಯಾನ ಫೋನಿನ್ಯಾಗ ಬರೂವಂಗ ಮಾಡಿಕೊಡೋ ಅಮೋಘಿ" ಅಂದ್ರಿ. "ಅಷ್ಟಽ ಏನ್ರಿ" ಅಂದೆ ನಾ. ಅಂದೆ, ಖರೆ. ಶುಕ್ರವಾರ ಬರ್ರಿ ಅಂತ ನಾನಽ ಹೇಳಿದೆ. ಬಂದೀರಿ.

ಏನಂದ್ರಿ? ಅವತ್ತ ಓಡಿದ್ದು ಇವತ್ತ ಯಾಕ ಓಡವಲ್ದು ಅಂತಾ?... ಅದಽ ಹೇಳಾಕತ್ತೇನ್ರಿ, ಜರಾ ತಡೀರಿ. ನೋಡ್ರಿ, ಇದು ನಾ ಹುಟ್ಟೂಕಿಂತ ಮೊದಲಿನ ಕ್ಯಾಸೆಟ್ಟು. ಒಳಗಿನ ರೀಲಿಗೆ ಬೂಷ್ಟು ಹಿಡದಿರತೈತಿ. ಇಲ್ಲಾಂದ್ರ ಬಿಸಲು! ಈ ವಿಜಯಪುರದ ಬಿಸಲಿನ್ಯಾಗ ಮನಶ್ಯಾನ ತಲಿನಽ ಕರಗತೈತಿ, ಪ್ಲಾಸ್ಟಿಕ್ ಯಾವ ಲೆಕ್ಕ? ಬಸ್ಸಿನ್ಯಾಗ ಇಂಜಿನ್ ಬಾಜೂಕ ಇಟ್ಟಿದ್ರೇನು?... ಉಡ್ಯಾಗ ಇಟ್ಕೊಂಡು ಬಂದಿದ್ರಾ? ಹ್ಞೂ. ಉಡ್ಯಾಗ ಅಂದ್ರ... ಉಡ್ಯಾಗ ಏನೂ ಆಗೂದಿಲ್ಲ ಬಿಡ್ರಿ.

ನಾಜಿಯಾ ಅಕ್ಕ ಎಲ್ಲಿತನ ಬಂದಾರ? ಬಬಲೇಶ್ವರದಾಗ ಬಸ್ ಹತ್ತೀನಿ ಅಂತ ಮೆಸೇಜ್ ಹಾಕ್ಯಾರಾ?... ಅಂದ್ರ ಇನ್ನೇನು ಬಂದಽ ಬಿಡ್ತಾರ. ಹೊಲಿಗಿ ಕ್ಲಾಸಿಗೆ ರಜಾ ಹಾಕಿ ಬರಾಕತ್ತಾರೇನು? ಇದರ ಸಲುವಾಗಿ? ಅಲ್ರೀ, ನನಗ ಒಂದು ಫೋನ್ ಮಾಡಿ ಕೇಳಿದ್ರ ಬರಬ್ಯಾಡ ಅಂತ... ಇಲ್ಲಿಲ್ಲ, ಬರ್ಲಿ. ಬರ್ಲಿ ರೀ! ಅಂಗಡಿ ಅವರದಽ.

ನಗ್ತೀರೇನು? ನಗೂದಲ್ಲ ಅಕ್ಕೋರ, ಭೂತನಾಳದಿಂದ ಹಿಡದು ಕಳ್ಳಕವಟಗಿತನ ಕೇಳ್ರಿ ಬೇಕಾದ್ರ. ಕಂಪ್ಯೂಟರ್ ಕೆಟ್ಟರ ಎಲ್ಲಿ ಒಯ್ಯಬೇಕು ಅಂತ. "ಹೊನವಾಡ ಅಮೋಘಿ ಕಡೆ ಒಯ್ರಿ" ಅಂತಾರ. ಪ್ಯಾಟ್ಯಾಗ ಡಿಗ್ರಿ ಮಾಡಿದಾವ್ರು ಕೈ ಬಿಟ್ಟಿದ್ದನ್ನ ನಾ ಎಬ್ಬಿಸಿ ಓಡ್ಯಾಡಸೀನಿ. ಸತ್ತ ಹಾರ್ಡ್ ಡಿಸ್ಕಿನ್ಯಾಗಿಂದ ಒಬ್ಬರ ಮದುವಿ ಫೋಟೊ ಪೂರಾ ತಗದು ಕೊಟ್ಟೀನಿ. ಪೂರಾ! ಒಂದೂ ಬಿಡಲಾರದಂಗ. ಆ ಹೆಣ್ಣಮಗಳು ಅಂಗಡ್ಯಾಗಽ ಅತ್ತಳು. ಅಂಥಾ ಕೈ ರೀ ಇದು. ನೋಡ್ರಿ, ನಡಗತೈತೇನು?... ಅದು ಫ್ಯಾನಿನ ಗಾಳಿಗೆ.

ಇನ್ನ ನಿಮ್ಮ ಈ ಡಬ್ಬಿ ಮಾತಿಗೆ ಬರೂಣು... ತಪ್ಪಾತು, ಡಬ್ಬಿ ಅಲ್ಲ, ಕಂಪ್ಯೂಟರ್. ಬೈಯೂದಲ್ಲ ಇದಕ್ಕ. ಇದರ ಒಂದು ಗುಣಾ ನನಗ ಭಾಳ ಸೇರಿತ್ತು. ಬರೇ ಒಂದು ಕೀಬೋರ್ಡ್, ಅದರ ಹೊಟ್ಟ್ಯಾಗಽ ಎಲ್ಲಾ. ಟಿವಿಗೆ ವೈರ್ ಚುಚ್ಚಿ ಸ್ವಿಚ್ ಹಾಕಿದ್ರ ಮುಗೀತು, ತಯಾರ! ನನ್ನ ಲ್ಯಾಪ್‌ಟಾಪ್ ಏಳೂದ್ರಾಗ ಒಂದು ಚಾ ಕುಡದು ಬರಬಹುದು. ಎದ್ದ ಮ್ಯಾಲರ ಸುಮ್ಮನಿರತೈತೇನು? ಪಾಸ್‌ವರ್ಡ್ ಕೊಡು ಅಂತೈತಿ, ಅಪ್‌ಡೇಟ್ ಮಾಡ್ಲಿ ಅಂತೈತಿ, ವೈರಸ್ ನೋಡ್ಲಿ ಅಂತೈತಿ. ಹೊಸಾ ಅಳಿಯಾ ಮನಿಗೆ ಬಂದಂಗ, ಅದಕ್ಕ ಎಲ್ಲಾ ಮಾಡಬೇಕು. ನಿಮ್ಮದು ಹಂಗಲ್ಲ. ಮೂಲ್ಯಾಗ ಒಂದು ಸಣ್ಣ ಚೌಕ ಮಿಣುಕಸ್ಕೊಂತ ಕುಂಡ್ರತೈತಿ, ಹೇಳಪಾ ಏನ್ ಮಾಡ್ಲಿ ಅಂತ. ಅಷ್ಟಽ. ನಿಮ್ಮ ಹಿಂದ ಕದ್ದು ಏನೂ ಮಾಡೂದಿಲ್ಲ. ಹೇಳಿದ್ದು ಮಾಡತೈತಿ, ಹೇಳಲಾರದ್ದು ಮಾಡೂದಿಲ್ಲ.

ಆದ್ರ ಅಕ್ಕೋರ... ದೋಷಾನೂ ಅದಽ ಐತಿ ನೋಡ್ರಿ! ಈಗಿನ ಸಿಸ್ಟಮ್ ಅಂದ್ರ ದೇವರಂಥಾದ್ದು. ಒಂದು ಫೈಲ್ ಅಳಸಾಕ ಹೋಗ್ರಿ, "ಖಾತ್ರಿ ಐತೇನು?" ಅಂತ ಕೇಳತೈತಿ. ಖಾತ್ರಿ ಐತಿ ಅಂದ್ರೂ ಪೂರಾ ಅಳಸೂದಿಲ್ಲ, ಕಸದ ಬುಟ್ಟ್ಯಾಗ ಇಟ್ಕೊಂಡು ಕುಂತಿರತೈತಿ, ಇವಾ ನಾಳೆ ಅಳಕೋತ ಬರ್ತಾನ ಅಂತ ಗೊತ್ತದಕ್ಕ. ತಪ್ಪು ಬಟನ್ ಒತ್ತಿದ್ರ ಹಿಂದಕ್ಕ ಹೋಗೂ ಬಟನ್ ಐತಿ. ಮನಶ್ಯಾ ತಪ್ಪು ಮಾಡಾವ ಅಂತ ತಿಳಕೊಂಡಽ ಅದನ್ನ ಕಟ್ಟ್ಯಾರ. ನಿಮ್ಮ ಕಾಲದ್ದಕ್ಕ ಆ ಕರುಣಾನಽ ಇಲ್ರಿ. ಒತ್ತಿದ್ರ ಮುಗೀತು. ಕೇಳೂದಿಲ್ಲ, ಹೇಳೂದಿಲ್ಲ. ಇಂಥಾದ್ದನ್ನ ಮಾಡಿದಾವ್ರದು ತಪ್ಪೋ ಇಲ್ಲೋ, ನೀವಽ ಹೇಳ್ರಿ? ಲೆಕ್ಕದ ಅಕ್ಕೋರು ನೀವು, ನ್ಯಾಯಾ ಹೇಳ್ರಿ.

...ಯಾಕ ಹೇಳಾಕತ್ತೇನಿ ಅಂದ್ರ? ಸುಮ್ಮನ ರೀ. ಮಾತಿಗೆ ಮಾತು. ನಾ ಏನ್ ಒತ್ತೀನಿ ಅಂತ ಹೇಳ್ಲಿಲ್ಲಲ್ಲ. ಈಗ ಬೂಷ್ಟಿನ ಮಾತು ನಡದೈತಿ.

ನಿಮ್ಮ ಮಾತು ನಾ ಲಕ್ಷ್ಯಾ ಕೊಟ್ಟು ಕೇಳಿಲ್ಲ ಅಂತ ತಿಳೀಬ್ಯಾಡ್ರಿ ಮತ್ತ. ಸಾಲ್ಯಾಗ ಕೇಳ್ತಿದ್ದಿಲ್ಲ, ಒಪ್ಪಿದೆ. ಹಿಂದಿನ ಬೆಂಚಿನ್ಯಾಗ ಕುಂತು ಶೇಂಗಾ ತಿಂದೀನಿ. ಆದ್ರ ಸೋಮವಾರ ನೀವು ಹೇಳಿದ್ದು ಪೂರಾ ಬಾಯಿಪಾಠ ಐತಿ. ಒಪ್ಪಸ್ಲಿ? ನಿಮ್ಮ ಅಣ್ಣ ಲಾಡಲೇಸಾಬ ಮಾಮಾ ಕುವೈತಿನಿಂದ ಬರೂಮುಂದ ಇದನ್ನ ತಂದ್ರು. ಮನ್ಯಾಗ ಎಲ್ಲಾರೂ ಟಿವಿ ಬಿಟ್ಟು ಬರೇ ಅದರ ಬಟನ್ ಯಾಕ ತಂದಾನೋ ಅಂತ ನಕ್ಕರು. ಅವಾಗ ನಾಜಿಯಾ ಅಕ್ಕ ಸಣ್ಣಾಕಿ. ಕಿವಿ ಕೇಳೂದಿಲ್ಲ. ಸಾಲಿಗೆ ಕಳಿಸಿದ್ರ ಮೂಲ್ಯಾಗ ಕುಂಡ್ರಸ್ತಿದ್ರು, ಯಾರೂ ಅಕ್ಷರ ಹೇಳ್ತಿದ್ದಿಲ್ಲ. ಈ ಮಷಿನ್‌ಗೆ ಕನ್ನಡ ಬರ್ತಿದ್ದಿಲ್ಲ. ನೀವು ಗ್ರಾಫ್ ಹಾಳಿ ತಗೊಂಡು, ಎಂಟು ಮನಿ ಅಡ್ಡ, ಎಂಟು ಮನಿ ಉದ್ದ, ಒಂದೊಂದು ಅಕ್ಷರಕ್ಕ ಒಂದೊಂದು ಚುಕ್ಕಿ ಕೂಡಿಸಿ, ಅದನ್ನ ಲೆಕ್ಕ ಮಾಡಿ, ಮಷಿನ್‌ಗೆ ಕಲಿಸಿದ್ರಿ! ಸ್ವಿಚ್ ತಗದ್ರ ಅದು ಮರೀತೈತಿ ಅಂತ, ಅಷ್ಟೂ ಸಪ್ಪಳ ಮಾಡಿ ಈ ಕ್ಯಾಸೆಟ್ಟಿನ್ಯಾಗ ತುಂಬಿ ಇಟ್ರಿ. ಜಾಗಾ ಸಾಲಲಿಲ್ಲ ಅಂತ ಎಲ್ಲಾ ಅಕ್ಷರಕ್ಕೂ ಸೇರಿ ಒಂದಽ ತಲಿಕಟ್ಟು. ಅದನ್ನಽ ಎತ್ತಿ ಎತ್ತಿ ಎಲ್ಲಾರ ತಲೀಮ್ಯಾಗ ಇಡೂದು, ಒಂದಽ ಟೋಪಿ ಇಡೀ ಮನಿಗೆ ಹಾಕಿದಂಗ! ಅವತ್ತ ನಾ ಅದನ್ನ ಕೇಳಿ ಮನಸಿನ್ಯಾಗ... ಏ, ನನ್ನ ಫೋನಿನ್ಯಾಗ ಒಂದು ಫೋಟೊ ತಗದ್ರ ಈ ಇಡೀ ಮಷಿನ್ನಿನ ನೆನಪಿನ ನೂರು ಪಟ್ಟು ಜಾಗಾ ತಿಂತೈತಿ ರೀ. ಅದೂ ನಾ ನನ್ನಽ ತಕ್ಕೊಂಡ ಫೋಟೊ.

ಬಟನ್ ಒತ್ತಿದ್ರ ಚುಕ್ಕಿ ಒಂದೊಂದಽ ಮೂಡಿ ಅಕ್ಷರ ಆಗೂದು. ರಂಗೋಲಿ ಹಾಕಿದಂಗ. ನಾಜಿಯಾ ಅಕ್ಕ ಹಿಂದ ಹಿಂದ ಬೊಟ್ಟು ಆಡಸ್ಕೊಂತ ಕಲತಳು. ಹೌದಲ್ಲೋ? ಒಂದೂ ಬಿಟ್ಟಿಲ್ಲಲ್ಲ?

...ಹೌದ್ರಿ. ಒಪ್ಪಸೂದು ಬ್ಯಾರೆ, ಮಾಡೂದು ಬ್ಯಾರೆ.

ಅಲ್ರೀ, ಗ್ರಾಫ್ ಹಾಳಿ ಅದಾವೇನು ಮನ್ಯಾಗ?... ಗೆದ್ದಲ ಹತ್ತಿದ್ವಾ. ಕ್ಯಾಸೆಟ್ಟಿನ ಆ ಮಗ್ಗಲಿಗೆ?... ಅದು ಖಾಲಿ. ನೋಡೀನಿ ನಾನೂ. ಎರಡನೇ ಕ್ಯಾಸೆಟ್ ಏನರ?... ಇದೊಂದಽ.

ಚಿಂತಿ ಬಿಡ್ರಿ! ಅಮೋಘಿ ಅದಾನಿಲ್ಲೋ? ನನ್ನ ಲ್ಯಾಪ್‌ಟಾಪಿನ್ಯಾಗ ಕನ್ನಡ ಅಕ್ಷರ ಮೂಟಿಗಟ್ಟಲೆ ಅದಾವ. ದಪ್ಪಂದು, ಸಣ್ಣಂದು, ಮದುವಿ ಕಾರ್ಡಿಂದು. ಅದರಾಗ ಒಂದು ಜಾತಿ ಆರಿಸಿ ಚುಕ್ಕಿ ಚುಕ್ಕಿ ಮೂಡೂವಂಗ ಮಾಡ್ತೇನಿ. ಬಣ್ಣ ಹಾಕ್ತೇನಿ. ನಿಮ್ಮದಕ್ಕಿಂತ ಛಲೋ ಕಾಣತೈತಿ, ಬೆಟ್ ಕಟ್ಟತೇನಿ. ನಾಜಿಯಾ ಅಕ್ಕಗ ಗೊತ್ತಽ ಆಗೂದಿಲ್ಲ...

ಗೊತ್ತಾಗತೈತಾ? ಹೆಂಗ ರೀ?... ಯಾವದು? ಣ? ಹ್ಞಾಂ, ಹೌದು, ಣ ಅಗಲ ಅಕ್ಷರ. ಎಂಟು ಮನ್ಯಾಗ ಹಿಡೀಲಿಲ್ಲಾ?... ಅಂತ ಒಂದು ಸುತ್ತು ಕಡಿಮಿ ಮಾಡಿದ್ರಿ. ಆತು, ಅದಕ್ಕೇನೀಗ?... ಇವತ್ತಿಗೂ ಅಕಿ ಹಂಗಽ ಬರೀತಾಳಾ? ಆ ಕಡಿಮಿ ಸುತ್ತಿನ ಣ?

...

ಯಾಕ ಹೇಳಿದ್ರಿ ಅದನ್ನ ನನಗ.

ನಾ ಏನೂ ಮಾಡಿಲ್ಲ ಅಂತ ಮಾತ್ರ ಅನಬ್ಯಾಡ್ರಿ ಅಕ್ಕೋರ. ಮಂಗಳವಾರ ಪೂರಾ ದಿನಾ ಇದಕ್ಕಽ ಕುಂತೀನಿ. ಬ್ಯಾರೆ ಗಿರಾಕಿ ವಾಪಸ್ ಕಳಸೀನಿ, ಆಫ್ತಾಬನ್ನ ಕೇಳ್ರಿ ಬೇಕಾದ್ರ. ಆಫ್ತಾಬ ಅಂದ್ರ ಬಾಜೂಕ ಮೊಬೈಲ್ ಕವರ್ ಮಾರ್ತಾನಲ್ಲ, ನನ್ನ ದೋಸ್ತ. ಅಂವಾ ಇಲ್ಲೇ ಕುಂತು ನೋಡ್ಯಾನ. ಅಷ್ಟಽ ಅಲ್ಲ, ನಿಮ್ಮ ಕ್ಯಾಸೆಟ್ಟಿಗೆ ಫುಕಟ ರಿಪೇರಿ ಬ್ಯಾರೆ ಮಾಡೀನಿ! ನೀವು ನೋಡೇ ಇಲ್ಲ. ಇಲ್ಲಿ, ಬೆನ್ನಿನ ಮ್ಯಾಗ, ಈ ಮೂಲ್ಯಾಗ. ಒಂದು ಪ್ಲಾಸ್ಟಿಕ್ ಹಲ್ಲು ಮುರದು ತೂತು ಬಿದ್ದಿತ್ತು. ಟೇಪ್ ಹಚ್ಚಿ ನೀಟಾಗಿ ಮುಚ್ಚೀನಿ. ಉಗುರು ಹಾಕಿದ್ರೂ ಏಳೂದಿಲ್ಲ. ಹೆಂಗೈತಿ ಕೆಲಸ?

...ಯಾಕ್ರಿ? ಯಾಕ ಹಂಗ ಎದ್ರಿ? ಕುಂಡ್ರ್ರಿ, ಕುಂಡ್ರ್ರಿ, ತಲಿ ತಿರುಗೀತು... ಕ್ಯಾಸೆಟ್ ಬೇಕಾ? ತಗೋರಿ. ನಿಮ್ಮದಽ.

ಏನಂದ್ರಿ? ಜರಾ ಜೋರ ಹೇಳ್ರಿ, ರಸ್ತೇದಾಗ ಗಾಡಿ ಸಪ್ಪಳ... ನೀವಽ ಮುರದಿದ್ರಾ? ಹಲ್ಲು ನೀವಽ ಮುರದಿದ್ರಿ? ಬೇಕಂತಽ?

ಯಾಕ?...

...ಅದರ ಮ್ಯಾಲ ಯಾರೂ ಬ್ಯಾರೆ ತುಂಬಬಾರದು ಅಂತ.

ಹಂಗಂದ್ರ... ಹಲ್ಲು ಇಲ್ಲಂದ್ರ ರೆಕಾರ್ಡ್ ಮಾಡೂ ಕೆಂಪು ಬಟನ್ ಒಳಗಽ ಹೋಗೂದಿಲ್ಲಾ? ಎಲ್ಲಾ ಕ್ಯಾಸೆಟ್ಟಿಗೂ ಹಂಗಽ ಏನು? ಎಲ್ಲಾರಿಗೂ ಗೊತ್ತಿತ್ತೇನ್ರಿ ಇದು, ನಿಮ್ಮ ಕಾಲದಾಗ? ಮನೀಮನ್ಯಾಗ?... ಸಣ್ಣ ಹುಡುಗರಿಗೂ?

ಅಯ್ಯಯ್ಯಽ...

ಅದು ಒಳಗ ಹೋಗವಲ್ದಾಗಿತ್ತು ರೀ ಅಕ್ಕೋರ. ಖರೆ. ಎರಡು ಸಲ ಒತ್ತಿದೆ, ಹೋಗಲಿಲ್ಲ. ಅಡ್ಡ ನಿಂತಂಗ ನಿಂತಿತ್ತು. ನಾ... ನಾ ಜಾಮ್ ಆಗೈತಿ ಅಂದ್ಕೊಂಡೆ. ಬಿಚ್ಚಿ ನೋಡಿದೆ. ಎಲ್ಲೆ ಸಿಗಿಬಿದ್ದೈತಿ ಅಂತ ಹುಡುಕಿ ಹುಡುಕಿ ಆ ತೂತು ಕಂಡ್ಹಿಡದೆ. ಆಫ್ತಾಬಗ ಹೇಳಿದೆ, "ನೋಡಲೇ, ಇದಕ್ಕಂತಾರ ತಲಿ" ಅಂತ. ಟೇಪ್ ಹಚ್ಚಿದೆ. ಸಲೀಸ ಹೋತು.

ಇಷ್ಟೊತ್ತನ ನಾ ಏನ್ ಒದರಾಕತ್ತಿದ್ದೆ? ಕೇಳೂದಿಲ್ಲ, ಹೇಳೂದಿಲ್ಲ, ಕರುಣಾ ಇಲ್ಲ... ಕೇಳಿತ್ತಲ್ರೀ ಅದು! ಬ್ಯಾಡೋ ಅಂದಿತ್ತು. ಅದಕ್ಕ ಬಾಯಿ ಇರಲಿಲ್ಲ, ನೀವು ಒಂದು ಹಲ್ಲು ಮುರದು ಬಾಯಿ ಕೊಟ್ಟಿದ್ರಿ. ನಾ ಅದರ ಬಾಯಿಗೇ ಟೇಪ್ ಬಡದೀನಿ.

ಇಲ್ಲ, ಕೇಳ್ರಿ, ಪೂರಾ ಕೇಳ್ರಿ. ನಾ ಬೇಕಂತ ಮಾಡಿಲ್ಲ. ಕಾಪಿ ತಗೀಬೇಕಿತ್ತು. ಕ್ಯಾಸೆಟ್ಟಿನ ಸಪ್ಪಳ ಲ್ಯಾಪ್‌ಟಾಪಿಗೆ ತುಂಬಿಕೊಂಡ್ರ ಫೋನಿನ್ಯಾಗ ಓಡಸಬಹುದು. ಅಷ್ಟಽ ಕೆಲಸ. ತುಂಬೂದು ಅಂದ್ರ ಕೆಂಪು ಬಟನ್ ಅಂತ ನನ್ನ ತಲ್ಯಾಗ ಕುಂತೈತಿ. ಹುಟ್ಟಿದಾಗಿಂದ ಕುಂತೈತಿ. ಫೋನಿನ್ಯಾಗ ಕೆಂಪು ಒತ್ತಿದ್ರ ಹೊಸಾ ಫೈಲ್ ಹುಟ್ಟತೈತಿ, ಹಳೇದು ಇದ್ದಲ್ಲೇ ಇರತೈತಿ. ಸಾವಿರ ಸಲ ಒತ್ತಿದ್ರೂ ಯಾವದೂ ಸಾಯೂದಿಲ್ಲ. ಇದರಾಗ ಹೊಸಾದು ಹುಟ್ಟಬೇಕಂದ್ರ ಅದಽ ಜಾಗಾದಾಗಿನ ಹಳೇದು ಹೋಗಬೇಕು ಅಂತ... ನನಗ ಯಾರು ಹೇಳ್ಯಾರ್ರಿ? ನಾ ಯಾರನ್ನ ಕೇಳೀನಿ?

ಕೇಳಬೇಕಿತ್ತು. ನಿಮ್ಮ ನಂಬರ್ ನನ್ನ ಕಡೆ ಇತ್ತು. ಆದ್ರ ಆಫ್ತಾಬ ಮುಂದ ಕುಂತಿದ್ದ. ಅವನ ಮುಂದ ಒಬ್ಬ ಅಕ್ಕೋರಿಗೆ ಫೋನ್ ಹಚ್ಚಿ "ಇದನ್ನ ಹೆಂಗ ಮಾಡೂದ್ರಿ" ಅಂತ ಕೇಳೂದು? ಅಮೋಘಿ?

ಬೈರಿ ಅಕ್ಕೋರ, ಬೈರಿ. ಸಾಲ್ಯಾಗ ಕಿವಿ ಹಿಂಡ್ತಿದ್ರಿ, ಈಗ ಹಿಂಡ್ರಿ, ನಾನಽ ಬಗ್ಗತೇನಿ. ಇಲ್ಲೇ, ಎಲ್ಲಾ ಗಿರಾಕಿ ಮುಂದ.

ಏನ್ ಮಾಡಾಕತ್ತೀರಿ? ಕ್ಯಾಸೆಟ್ ಯಾಕ ಹಾಕಾಕತ್ತೀರಿ ಅದರಾಗ? ತಗೀರಿ. ಅಕ್ಕೋರ, ಬ್ಯಾಡ. ಏನೂ ಇಲ್ಲ ಅದರಾಗ, ಹೇಳಿದೆನಿಲ್ಲೋ, ಖಾಲಿ. ಬರೇ ಗಾಳಿ ಸಪ್ಪಳ. ಹಾಡಸೂ ಕಪ್ಪು ಬಟನ್ ಮ್ಯಾಗಿಂದ ಬೊಟ್ಟು ತಗೀರಿ, ನಿಮ್ಮ ಕಾಲು ಹಿಡೀತೇನಿ.

...ಖಾಲಿ ಇದ್ರ ಯಾಕ ಅಂಜತಿ ಅಂತೀರಿ. ಅನ್ನಲಿಲ್ಲ, ಆದ್ರೂ ಕೇಳಸ್ತು.

ಖಾಲಿ ಇಲ್ರಿ. ಆ ಟೇಪ್ ರೆಕಾರ್ಡರಿಗೆ ಹೊಟ್ಟ್ಯಾಗಽ ಒಂದು ಮೈಕ್ ಐತಿ ಅಂತ ನನಗ ಆಮ್ಯಾಲ ಗೊತ್ತಾತು. ಅದು ನನ್ನ ಮಾತು ತುಂಬಿಕೊಂಡೈತಿ. ನಿಮ್ಮ ಅಕ್ಷರ ಎಲ್ಲೆಲ್ಲಿ ಇದ್ವೋ ಅಲ್ಲೆಲ್ಲಾ ಈಗ ನಾ ಅದೇನಿ. ಆಫ್ತಾಬ ಕೇಳ್ಯಾನ, "ಯಾರದಲೇ ಇದು" ಅಂತ. ನಾ ಹೇಳೀನಿ... "ಲೆಕ್ಕದಾಗ ನನ್ನ ಫೇಲ್ ಮಾಡಿದ ಅಕ್ಕೋರದು, ಈಗ ನನ್ನ ಅಂಗಡಿ ಬಾಗಲಿಗೆ ಬಂದಾರ ನೋಡು" ಅಂತ. "ಅಕ್ಷರ ನೋಡಬೇಕಿತ್ತಲೇ, ಕೋಳಿ ಕೆದರಿದಂಗ ಅದಾವ, ಮುದುಕಿಗೆ ಹುಚ್ಚು" ಅಂತ. ಆಮ್ಯಾಲ ಇಬ್ಬರೂ ನಕ್ಕೀವಿ. ಭಾಳೊತ್ತ ನಕ್ಕೀವಿ ರೀ. ಆ ನಗೂದು ಪೂರಾ ಐತಿ. ಒಂದೂ ಬಿಡಲಾರದಂಗ.

ಮಂಗಳವಾರನಽ ಗೊತ್ತಾಗಿತ್ತು ನನಗ. ಬುಧವಾರ ಫೋನ್ ಮಾಡಬೇಕು ಅಂದೆ, ಮಾಡಲಿಲ್ಲ. ಬೂಷ್ಟು ಅಂತ ಹೇಳೂದು ಅಂತ ನಿನ್ನೆ ಠರಾಯಿಸಿದೆ.

ತಗದ್ರಿ ಬೊಟ್ಟು. ಕೇಳೂದಿಲ್ಲಾ?... ಕೇಳಿ ಬೈದಿದ್ರಽ ಬೇಸಿತ್ತು ನನಗ.

ಅಕ್ಕೋರ... ಬಾಗಲ ಕಡೆ ನೋಡ್ರಿ. ನೀಲಿ ದುಪಟ್ಟಾ. ನಾಜಿಯಾ ಅಕ್ಕ ಅಲ್ಲೇನು? ಬಂದ್ರು. ನಗ್ಕೊಂತ ಬರಾಕತ್ತಾರ. ನನಗಽ ಕೈ ಮಾಡಾಕತ್ತಾರ ರೀ, ಫೋನ್ ತೋರಸಾಕತ್ತಾರ...

ನೀವು ಏಳಬ್ಯಾಡ್ರಿ. ನೀವು ಹೇಳಬ್ಯಾಡ್ರಿ, ನಾ ಹೇಳತೇನಿ. ನಿಮ್ಮ ಮುಂದ ಇಷ್ಟೊತ್ತನ ಬಾಯಿ ಬಡಕೊಂಡೆ, ಅವರ ಮುಂದ ಈ ಬಾಯಿ ಏನೂ ಉಪಯೋಗಕ್ಕ ಬರೂದಿಲ್ಲ ನೋಡ್ರಿ. ಕೈಲೆ ಹೆಂಗ ಹೇಳ್ತಾರ್ರಿ? ಲಗೂನ ತೋರಸ್ರಿ. 'ನಾ' ಅನ್ನೂದಕ್ಕ?... ಎದಿ ಮ್ಯಾಗ ಬೊಟ್ಟು. ಹ್ಞೂ. 'ಅಳಸೀನಿ' ಅನ್ನೂದಕ್ಕ?

...ಹಿಂಗಾ? ಪಾಟಿ ಒರಸಿದಂಗ?

ಎದಿಗೆ ಬೊಟ್ಟು. ಆಮ್ಯಾಲ ಪಾಟಿ ಒರಸೂದು.

ಕೈ ನಡಗಿದ್ರೂ ತಿಳೀತೈತೇನ್ರಿ ಅವರಿಗೆ?